ಡೆಂಗಿ ಪರೀಕ್ಷೆ: ಎನ್‌ಎಸ್‌1 ಮಾಡಿಸೋದಾ, ಐಜಿಎಂ ಮಾಡಿಸೋದಾ?

ಮೈಸೂರು, ಮಂಡ್ಯದ ಕಡೆ ಮಳೆಗಾಲದ ಜ್ವರಕ್ಕೆ ಲ್ಯಾಬಿಗೆ ಹೋಗುವ ಮೊದಲು ಜ್ವರ ಶುರುವಾಗಿ ಎಷ್ಟು ದಿನವಾಯಿತು ಎಣಿಸಿ. ಆಯ್ಕೆ ನಿಂತಿರುವುದು ಅದರ ಮೇಲೆ.

ಮೊದಲ 5 ದಿನದೊಳಗಾದರೆ ಎನ್‌ಎಸ್‌1. ಇದು ವೈರಸ್ಸಿನದೇ ಪ್ರೋಟೀನನ್ನು ರಕ್ತದಲ್ಲಿ ಹುಡುಕುತ್ತದೆ. ಹಿಂದೊಮ್ಮೆ ಡೆಂಗಿ ಬಂದಿದ್ದವರಲ್ಲಿ ಹಳೆಯ ಪ್ರತಿಕಾಯಗಳು (ವೈರಸ್ಸಿನ ವಿರುದ್ಧ ದೇಹ ಹುಟ್ಟಿಸಿಕೊಂಡ ರಕ್ಷಕ ಪ್ರೋಟೀನುಗಳು) ಆ ಪ್ರೋಟೀನನ್ನು ಬೇಗ ಕಟ್ಟಿಹಾಕುತ್ತವೆ, ಕಾಯಿಲೆ ಇದ್ದೂ ನೆಗೆಟಿವ್ ಬರಬಹುದು. ಪ್ರಾಣಕ್ಕೆ ಕುತ್ತು ತರುವುದು ಹೆಚ್ಚಾಗಿ ಈ ಎರಡನೇ ಸಲದ ಡೆಂಗಿಯೇ. ನೆಗೆಟಿವ್ ನೋಡಿ ನಿಶ್ಚಿಂತರಾಗಬೇಡಿ.

5 ದಿನ ದಾಟಿದ್ದರೆ ಐಜಿಎಂ. ಇದು ಹುಡುಕುವುದು ವೈರಸ್ಸನ್ನಲ್ಲ, ಅದರ ವಿರುದ್ಧ ಹುಟ್ಟಿದ ಪ್ರತಿಕಾಯವನ್ನು. ಎರಡನೇ ದಿನವೇ ಮಾಡಿಸಿದರೆ ದುಡ್ಡು ದಂಡ, ಪ್ರತಿಕಾಯ ಇನ್ನೂ ಹುಟ್ಟಿರುವುದಿಲ್ಲ. ಎರಡು ಮೂರು ತಿಂಗಳು ಉಳಿಯುವುದರಿಂದ ಹಳೆಯ ಸೋಂಕನ್ನೂ ತೋರಿಸೀತು. ಡೆಂಗಿ ವೈರಸ್ಸಿನ ಕುಟುಂಬಕ್ಕೇ ಸೇರಿದ ವೈರಸ್ಸಿನಿಂದ ಬರುವ ಜಪಾನೀಸ್ ಮಿದುಳು ಜ್ವರವೂ ಇದನ್ನು ದಾರಿ ತಪ್ಪಿಸುತ್ತದೆ. ಮಂಡ್ಯದ ಗದ್ದೆ ಬಯಲಿಗೆ ಅದು ಹೊಸತೇನಲ್ಲ.

ಎರಡರಲ್ಲಿ ಯಾವ ಪರೀಕ್ಷೆಯೇ ಆಗಲಿ, ಎಲಿಸಾ ಎಂಬ, ಹೆಚ್ಚು ನಂಬಬಹುದಾದ ಲ್ಯಾಬ್ ವಿಧಾನದಲ್ಲೇ ಕೇಳಿ. 2024ರಲ್ಲಿ ರಾಜ್ಯ ಸರ್ಕಾರ ಖಾಸಗಿ ಲ್ಯಾಬ್‌ಗಳಿಗೆ ಎಲಿಸಾಗೆ ತಲಾ 300, ಕೆಲವೇ ನಿಮಿಷದಲ್ಲಿ ಫಲಿತಾಂಶ ತೋರಿಸುವ ರ‍್ಯಾಪಿಡ್ ಕಾರ್ಡಿಗೆ 250 ರೂಪಾಯಿ ಮಿತಿ ಹಾಕಿತು. 50 ರೂಪಾಯಿಗೆ ಆಸೆಪಟ್ಟು ಕಾರ್ಡ್ ಹಿಡಿಯಬೇಡಿ.

ವರದಿ ಏನೇ ಬರಲಿ, ಜ್ವರ ಇಳಿಯುವ ಹೊತ್ತಿನಲ್ಲೇ ಹೊಟ್ಟೆನೋವು, ಬಿಡದ ವಾಂತಿ, ವಸಡಿನಲ್ಲಿ ರಕ್ತ ಕಂಡರೆ ತಕ್ಷಣ ಆಸ್ಪತ್ರೆಗೆ ಸೇರಿಸಿ. ಆಸ್ಪಿರಿನ್, ಐಬುಪ್ರೊಫೆನ್ ಬೇಡವೇ ಬೇಡ.