ಹಂಡೆ, ಸೋಲಾರ್, ಗೀಸರ್: ಮೂರರಲ್ಲೂ ಮಿಂದ ಮೇಲೆ

ಸ್ನಾನದ ನೀರು ಕಾಯಿಸೋ ಮೂರು ಬಗೆಯನ್ನೂ ನೋಡಿದ್ದೇನೆ. ಸಾಗರದ ಹತ್ತಿರದ ತವರುಮನೆಯಲ್ಲಿ ಹಂಡೆ. ಮದುವೆಯಾಗಿ ಬೆಂಗಳೂರಿಗೆ ಬಂದ ಮೇಲೆ ಎಂಟು ವರ್ಷ ಬಾಡಿಗೆ ಮನೆಯ ಸೋಲಾರ್. ಈಗ ಒಂಬತ್ತನೇ ಮಹಡಿಯ ಫ್ಲ್ಯಾಟಿನಲ್ಲಿ 15 ಲೀಟರಿನ ಗೀಸರ್.

ಸುಖದ ಮಾತು ಬಂದರೆ ಹಂಡೆಯೇ ಮೊದಲು. ರಾತ್ರಿ ಒಲೆಗೊಂದು ದಪ್ಪ ಮರದ ಕುಂಟೆ ತಳ್ಳಿಟ್ಟರೆ ಬೆಳಗ್ಗೆಯೂ ನೀರು ಬೆಚ್ಚಗಿರುತ್ತಿತ್ತು. ಉರುವಲಿಗೆ ದುಡ್ಡು ಕೊಟ್ಟದ್ದು ಕಡಿಮೆ. ಅಡಿಕೆ ಸೋಗೆ, ತೆಂಗಿನ ಮಟ್ಟೆ, ಕರಟ, ಎಲ್ಲಾ ತೋಟದ್ದೇ. ಬೂದಿ ಮತ್ತೆ ತೋಟಕ್ಕೆ. ಮಳೆಗಾಲದಲ್ಲಿ ಒಲೆ ಮುಂದೆ ಕೂತು ಕೆಂಡದಲ್ಲಿ ಹಲಸಿನ ಬೀಜ ಸುಟ್ಟು ತಿನ್ನುತ್ತಿದ್ದೆವು. ಮೇಲೆ ತಂತಿಯಲ್ಲಿ ಒದ್ದೆ ಬಟ್ಟೆ. ಮನೆಯ ಅರ್ಧ ಪಂಚಾಯಿತಿ ಬಚ್ಚಲಲ್ಲೇ ಮುಗಿಯುತ್ತಿತ್ತು.

ಆದರೆ ಆ ಸುಖ ನಮ್ಮದು. ಐದು ಗಂಟೆಗೆ ಎದ್ದು, ಹಸಿ ಸೌದೆಗೆ ಊದುಗೊಳವೆಯಲ್ಲಿ ಊದಿ ಊದಿ ಕಣ್ಣು ಕೆಂಪಗೆ ಮಾಡಿಕೊಳ್ಳುತ್ತಿದ್ದವಳು ಅಮ್ಮ. ಹಂಡೆ ಸ್ನಾನವನ್ನು ಹಾಡಿ ಹೊಗಳೋರಲ್ಲಿ ಒಲೆ ಹೊತ್ತಿಸಿದವರು ಎಷ್ಟು ಜನ ಅಂತ ನನಗೆ ಗುಮಾನಿ.

ಸೋಲಾರ್ ಈ ಕಷ್ಟ ತಪ್ಪಿಸಿತು. ಹೊಗೆಯಿಲ್ಲ, ಬಿಲ್ಲಿಲ್ಲ, ಯಾರೂ ಬೇಗ ಏಳಬೇಕಿಲ್ಲ. ಮಾರ್ಚಿನಲ್ಲಿ ನೀರಿಗೆ ಕೈ ಇಟ್ಟರೆ ಸುಡುತ್ತಿತ್ತು. ತಕರಾರುಗಳೂ ಇದ್ದವು. ತಾರಸಿಯಿಂದ ಬಚ್ಚಲಿಗೆ ಉದ್ದ ಪೈಪು, ಬಿಸಿನೀರು ಬರುವಷ್ಟರಲ್ಲಿ ಒಂದು ಬಕೆಟ್ ತಣ್ಣೀರು. ಅದನ್ನು ಹಿಡಿದಿಟ್ಟು ನೆಲ ಒರೆಸುತ್ತಿದ್ದೆ. ಬೋರ್ ನೀರು ಗಡಸು, ಟ್ಯೂಬಿನೊಳಗೆ ಸುಣ್ಣದ ಹಾಗೆ ಬಿಳಿ ಪದರ ಕಟ್ಟುತ್ತಿತ್ತು. ಜುಲೈಯಲ್ಲಿ ಮೋಡ ಕವಿದರೆ ನೀರು ಉಗುರು ಬೆಚ್ಚಗೂ ಇರುತ್ತಿರಲಿಲ್ಲ. ಆದರೂ ನನ್ನ ಓಟು ಇದಕ್ಕೇ.

ಗೀಸರ್ ಬಗ್ಗೆ ಹೇಳೋಕೆ ಜಾಸ್ತಿ ಇಲ್ಲ. ಸ್ವಿಚ್ ಹಾಕಿದರೆ 20 ನಿಮಿಷ. 2 ಕಿಲೋವ್ಯಾಟಿನದು, ಒಮ್ಮೆ ಕಾಯಲು ಮುಕ್ಕಾಲು ಯೂನಿಟ್ಟಿನ ಹತ್ತಿರ ಬೇಕು. ನಾಲ್ವರಿಗೆ ತಿಂಗಳಿಗೆ ಎಂಬತ್ತು ಯೂನಿಟ್ ಆಸುಪಾಸು. ಗೃಹಜ್ಯೋತಿ ಬಂದ ಮೇಲೆ ಬಿಲ್ಲು ಸೊನ್ನೆ, ಹಾಗಾಗಿ ಈ ಲೆಕ್ಕ ಮನೆಯಲ್ಲಿ ನಾನೊಬ್ಬಳೇ ಹಾಕೋದು! ಗ್ಯಾಸ್ ಗೀಸರ್ ಹಾಕಿಸಿ ಅಂದವರೂ ಇದ್ದರು. ಕಿಟಕಿ ಇಲ್ಲದ ಬಚ್ಚಲಲ್ಲಿ ಅದರ ಕಾರ್ಬನ್ ಮಾನಾಕ್ಸೈಡ್ ವಾಸನೆಯೇ ಇಲ್ಲದೆ ಜೀವ ತೆಗೆಯುತ್ತೆ. ಬೇಡ ಅಂದೆ.

ಇಷ್ಟೆಲ್ಲ ಗೊತ್ತಿದ್ದೂ ಸೋಲಾರ್ ಯಾಕೆ ಇಲ್ಲ? ತಾರಸಿ ಇಲ್ಲ, ಅಷ್ಟೇ. ನಮ್ಮ ಕಟ್ಟಡದಲ್ಲಿ 120 ಮನೆ, ತಲೆ ಮೇಲೆ ಒಂದೇ ತಾರಸಿ. ಅದರ ಬೀಗದ ಕೈ ಸೆಕ್ಯೂರಿಟಿ ಹತ್ತಿರ. ತಾರಸಿ ಮೇಲೆ ಸೋಲಾರ್ ಕರೆಂಟ್ ಮಾಡಿಕೊಳ್ಳೋಕೆ ಕೇಂದ್ರದ ಪಿಎಂ ಸೂರ್ಯ ಘರ್ ಯೋಜನೆ 2024ರಲ್ಲಿ ಬಂದಾಗ ಮೀಟಿಂಗಿನಲ್ಲಿ ಕೇಳಿದೆ. ಅಪಾರ್ಟ್‌ಮೆಂಟಿನ ಸಾಮಾನ್ಯ ಬಳಕೆಗೆ ಕಿಲೋವ್ಯಾಟಿಗೆ 18,000 ರೂಪಾಯಿ ಸಹಾಯಧನ ಸಿಗುತ್ತೆ. ಅದರಲ್ಲಿ ಲಿಫ್ಟು, ಕಾರಿಡಾರಿನ ದೀಪ ನಡೆದಾವು. ನನ್ನ ಬಚ್ಚಲಿಗೆ ಬಿಸಿಲು ಇಳಿಯಲ್ಲ. ಬಿಸಿಲು ಪುಕ್ಕಟೆ ಅಂತೀವಲ್ಲ, ಅದನ್ನು ಹಿಡಿಯೋಕೆ ಸ್ವಂತ ಸೂರು ಬೇಕು. ನನ್ನ ಮಗಳ ಕಾಲಕ್ಕೆ ಬೆಂಗಳೂರಲ್ಲಿ ಸ್ವಂತ ತಾರಸಿ ಇರೋರು ಎಷ್ಟು ಜನ ಉಳಿದಾರು? ತಾರಸಿ ಇಲ್ಲದವರೆಲ್ಲ ಬೆಳಗ್ಗೆ ಆರೂವರೆಗೆ ಒಟ್ಟಿಗೇ ಸ್ವಿಚ್ ಹಾಕಿದರೆ ಆ ಕರೆಂಟ್ ಎಲ್ಲಿಂದ ಬರಬೇಕು?

ಕಳೆದ ದೀಪಾವಳಿಯ ನೀರು ತುಂಬೋ ಹಬ್ಬಕ್ಕೆ ಊರಿಗೆ ಹೋಗಲಾಗಲಿಲ್ಲ. ಊರಲ್ಲಾದರೆ ಹಂಡೆ ತಿಕ್ಕಿ ತೊಳೆದು, ಹಿಂಡ್ಲೆ ಬಳ್ಳಿ ಸುತ್ತಿ ನೀರು ತುಂಬುತ್ತೇವೆ. ಇಲ್ಲಿ ಮಗಳು ಸ್ಟೂಲ್ ಹತ್ತಿ ಗೀಸರಿಗೆ ಕುಂಕುಮ ಇಟ್ಟು, ಬಾಲ್ಕನಿಯಿಂದ ಮನಿಪ್ಲಾಂಟಿನ ಕುಡಿ ತಂದು ಸುತ್ತಿದಳು. ವಿಡಿಯೋ ಕಾಲ್‌ನಲ್ಲಿ ಅಮ್ಮನಿಗೆ ತೋರಿಸಿದಳು. ಅಮ್ಮ ಕನ್ನಡಕ ಸರಿಮಾಡಿಕೊಂಡು ನೋಡಿ, "ಆ ಸ್ವಿಚ್ಚಿಗೂ ಒಂದು ಬೊಟ್ಟು ಇಡೇ ಪುಟ್ಟಿ, ಒಲೆ ಅದೇ ಅಲ್ವಾ" ಅಂದಳು.