ಕರಿದ ಎಣ್ಣೆಯನ್ನು ಡೀಸೆಲ್ ಕಾರಿಗೆ ಹಾಕುವ ಮುಂಚೆ ಇದನ್ನು ಓದಿ

ಬಾಣಲೆಯಲ್ಲಿ ಉಳಿದ ಎಣ್ಣೆಯನ್ನು ಸೋಸಿ ಡೀಸೆಲ್ ಕಾರಿಗೆ ಹಾಕಿ, ದುಡ್ಡು ಉಳಿಸಿ ಅನ್ನುವ ವಿಡಿಯೋಗಳು ಬೇಕಾದಷ್ಟಿವೆ. ದಯವಿಟ್ಟು ಅವನ್ನು ನಂಬಿ ನಿಮ್ಮ ಕಾರಿನ ಮೇಲೆ ಪ್ರಯೋಗ ಮಾಡಬೇಡಿ. ಹಾಸನದಲ್ಲಿ ಸಣ್ಣ ಹೋಟೆಲ್ ನಡೆಸುವ ನಮ್ಮ ಚಿಕ್ಕಪ್ಪ ಮಾಡಿದರು. ಅವರ ಇಂಜಿನ್ ಬಿಚ್ಚಿದಾಗ ನಾನು ಗ್ಯಾರೇಜಿನಲ್ಲಿ ಪಕ್ಕದಲ್ಲೇ ನಿಂತಿದ್ದೆ.

ಮೋಸ ಇರುವುದೇ ಇಲ್ಲಿ: ಶುರುವಿನಲ್ಲಿ ಏನೂ ಆಗುವುದಿಲ್ಲ. ಚಿಕ್ಕಪ್ಪ ಎಣ್ಣೆಯನ್ನು ಬಟ್ಟೆಯಲ್ಲಿ ಸೋಸಿ, ಡೀಸೆಲ್ ಜೊತೆ ಅರ್ಧಕ್ಕರ್ಧ ಬೆರೆಸಿ ಹಾಕುತ್ತಿದ್ದರು. ಬೇಸಿಗೆ ಪೂರ್ತಿ ಗಾಡಿ ಚೆನ್ನಾಗಿಯೇ ಓಡಿತು. ಹೊಗೆಯಲ್ಲಿ ಬೋಂಡದ ವಾಸನೆ ಬರುತ್ತಿತ್ತು, ಅಷ್ಟೇ. ನೆಂಟರಲ್ಲೂ ಒಂದಿಬ್ಬರು ಹೇಗೆ ಮಾಡೋದು ಅಂತ ಕೇಳಿಕೊಂಡು ಹೋದರು.

ಚಳಿ ಬಂದಾಗ ಮೊದಲ ತೊಂದರೆ. ಹೋಟೆಲುಗಳಲ್ಲಿ ಕರಿಯಲು ಜಾಸ್ತಿ ಬಳಸುವುದು ಪಾಮ್ ಎಣ್ಣೆ. ಅದು ಚಳಿಗೆ ಬೇಗ ಗರಣೆ ಕಟ್ಟುತ್ತದೆ. ಡಿಸೆಂಬರ್ ಬೆಳಿಗ್ಗೆ ಎಷ್ಟು ಸೆಲ್ಫ್ ಹೊಡೆದರೂ ಗಾಡಿ ಸ್ಟಾರ್ಟ್ ಆಗಲಿಲ್ಲ. ಡೀಸೆಲ್ ಫಿಲ್ಟರ್ ಬಿಚ್ಚಿದರೆ ಒಳಗೆ ಹಳದಿ ಜಿಡ್ಡು ಗಟ್ಟಿಯಾಗಿ ಕೂತಿತ್ತು. ಫಿಲ್ಟರ್ ಬದಲಾಯಿಸಿ ಮತ್ತೆ ಓಡಿಸಿದರು. ಆಮೇಲೆ ಪಿಕಪ್ ಹೋಯಿತು, ಕಪ್ಪು ಹೊಗೆ ಶುರುವಾಯಿತು, ಇಂಜಿನ್ ಒಳಗೆ ಟಕಟಕ ಸದ್ದು.

ಇಂಜಿನ್ ಒಳಗೆ ಡೀಸೆಲ್ ಸಿಂಪಡಿಸುವ ನಾಜಲ್ ಹಾಳಾಗಿರಬೇಕು ಅಂತ ನಾನು ಅಂದುಕೊಂಡಿದ್ದೆ. ಮೆಕ್ಯಾನಿಕ್ ಮೊದಲು ನೋಡಿದ್ದು ಇಂಜಿನ್ ಆಯಿಲ್. ಆಯಿಲ್ ಎಷ್ಟಿದೆ ಅಂತ ನೋಡುವ ಕಡ್ಡಿ, ಅಂದರೆ ಡಿಪ್‌ಸ್ಟಿಕ್ ಎಳೆದು ಬೆರಳಿನಲ್ಲಿ ಮುಟ್ಟಿದರೆ ಆಯಿಲ್ ಬೆಲ್ಲದ ಪಾಕದ ಹಾಗೆ ಎಳೆ ಎಳೆಯಾಗಿ ಬಂತು. ಆಯಿಲ್ ಹಾಕುವ ಮುಚ್ಚಳದ ಒಳಮೈಗೂ ಅದೇ ಕಪ್ಪು ಅಂಟು. "ಅಣ್ಣಾ, ಇದಕ್ಕೆ ಡೀಸೆಲ್ ಬಿಟ್ಟು ಬೇರೆ ಏನ್ ಹಾಕ್ತಿದ್ರಿ?" ಅಂತ ಕೇಳಿದರು.

ಕಾರಣ ಇಷ್ಟು. ಪೂರ್ತಿ ಉರಿಯದ ಅಡುಗೆ ಎಣ್ಣೆ ಪಿಸ್ಟನ್ ರಿಂಗ್ ಸಂದಿಯಿಂದ ಕೆಳಗಿಳಿದು ಇಂಜಿನ್ ಆಯಿಲ್‌ಗೆ ಸೇರುತ್ತದೆ. ಅಲ್ಲಿಂದ ಅದು ಸುಲಭವಾಗಿ ಆವಿಯಾಗಿ ಹೋಗುವುದಿಲ್ಲ. ಬಿಸಿಗೆ ಗಾಳಿ ತಾಗಿ ಅಂಟಾಗುತ್ತದೆ. ಬಾಣಲೆಯ ಅಂಚಿನಲ್ಲಿ ಕೆರೆದರೂ ಹೋಗದ ಕಂದು ಜಿಡ್ಡು ಇರುತ್ತಲ್ವಾ, ಅದೂ ಹೀಗೇ ಆಗುವುದು. ಆಯಿಲ್ ಮಂದವಾದರೆ ಬೇರಿಂಗಿಗೆ ಸರಿಯಾಗಿ ತಲುಪುವುದಿಲ್ಲ. ಹಾಗೇ ಓಡಿಸಿದರೆ ಇಂಜಿನ್ ಸೀಜ್ ಆಗುತ್ತದೆ, ಅಂದರೆ ಒಳಗೇ ಹಿಡಿದುಕೊಂಡು ನಿಂತುಬಿಡುತ್ತದೆ. ವಿಡಿಯೋ ಮಾಡುವವರು ಟ್ಯಾಂಕ್ ತೋರಿಸುತ್ತಾರೆ, ಹೊಗೆ ತೋರಿಸುತ್ತಾರೆ. ಡಿಪ್‌ಸ್ಟಿಕ್ ತೋರಿಸಿದ್ದನ್ನು ನಾನು ನೋಡಿಲ್ಲ.

ನಾಜಲ್ ಕಥೆಯೂ ಚೆನ್ನಾಗಿರಲಿಲ್ಲ. ಅಡುಗೆ ಎಣ್ಣೆ ಡೀಸೆಲ್‌ಗಿಂತ ಸುಮಾರು 10 ಪಟ್ಟು ಮಂದ. ನಾಜಲ್ ಅದನ್ನು ಸಣ್ಣ ಮಂಜಿನಂತೆ ಸಿಂಪಡಿಸಲಾರದು. ದಪ್ಪ ಹನಿ ಬೀಳುತ್ತದೆ, ಅರ್ಧ ಉರಿಯುತ್ತದೆ, ಉಳಿದದ್ದು ನಾಜಲ್ ತುದಿಯಲ್ಲಿ ಇದ್ದಿಲಾಗಿ ಕೂರುತ್ತದೆ. ಕರಿದ ಎಣ್ಣೆಯಲ್ಲಿ ನೀರು, ಉಪ್ಪು, ಆಮ್ಲ ಬೇರೆ ಇರುತ್ತವೆ. ಬಟ್ಟೆಯಲ್ಲಿ ಸೋಸಿದರೆ ಇವು ಹೋಗುವುದಿಲ್ಲ, ಪಂಪನ್ನು ತಿನ್ನುತ್ತವೆ. ಪಂಪ್, ನಾಜಲ್, ರಿಂಗ್ ಎಲ್ಲ ಸೇರಿ ಚಿಕ್ಕಪ್ಪನಿಗೆ ಬಂದ ಬಿಲ್ಲು ಅವರು ಉಳಿಸಿದ್ದಕ್ಕಿಂತ ಎಷ್ಟೋ ಜಾಸ್ತಿ.

ಅವರದ್ದು ಹಳೆಯ ಕಾಲದ ಇಂಜಿನ್, ಅದಕ್ಕೇ ಅಷ್ಟು ದಿನ ತಡೆಯಿತು. ಸಿಆರ್‌ಡಿಐ (ಭಾರಿ ಒತ್ತಡದಲ್ಲಿ ಡೀಸೆಲ್ ಚಿಮ್ಮಿಸುವ ಹೊಸ ಬಗೆಯ ಇಂಜಿನ್) ಕಾರು ಇರುವವರು ಯೋಚನೆಯನ್ನೂ ಮಾಡಬೇಡಿ. 1,000 ಬಾರ್‌ಗೂ ಮೀರಿದ ಒತ್ತಡದಲ್ಲಿ ಕೂದಲೆಳೆಯಷ್ಟು ಸಣ್ಣ ತೂತುಗಳಿಂದ ಇಂಧನ ಚಿಮ್ಮಬೇಕಾದ ಜಾಗ ಅದು.

"ಡೀಸೆಲ್ ಇಂಜಿನ್ 1900ರಲ್ಲೇ ಪ್ಯಾರಿಸ್ ಪ್ರದರ್ಶನದಲ್ಲಿ ಕಡಲೆಕಾಯಿ ಎಣ್ಣೆಯಲ್ಲಿ ಓಡಿತ್ತು" ಅಂತ ಕೆಲವರು ವಾದಿಸುತ್ತಾರೆ. ಓಡಿದ್ದು ನಿಜ. ನಮ್ಮಲ್ಲೂ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ (ಐಐಎಸ್‌ಸಿ) ಉಡುಪಿ ಶ್ರೀನಿವಾಸ ಅವರ ತಂಡ ಹೊಂಗೆ ಎಣ್ಣೆಯಲ್ಲಿ ಜನರೇಟರ್ ಓಡಿಸಿ ತೋರಿಸಿತು. ಅದು ನನಗೆ ತುಂಬ ಹೆಮ್ಮೆಯ ಕೆಲಸ. ಆದರೆ ಜನರೇಟರ್ ಗಂಟೆಗಟ್ಟಲೆ ಒಂದೇ ವೇಗದಲ್ಲಿ, ಚೆನ್ನಾಗಿ ಬಿಸಿಯಾಗಿ ಓಡುತ್ತದೆ. ನಮ್ಮ ಕಾರು ಹಾಲಿಗೆ, ತರಕಾರಿಗೆ, ಸ್ಕೂಲಿಗೆ ಅಂತ ಎರಡು ಕಿಲೋಮೀಟರ್ ಹೋಗಿ ನಿಲ್ಲುತ್ತದೆ. ಇಂಜಿನ್ ಬಿಸಿಯಾಗುವಷ್ಟರಲ್ಲಿ ಕೀ ತೆಗೆದಿರುತ್ತೇವೆ. ಇದ್ದಿಲು ಕಟ್ಟುವುದಕ್ಕೆ ಇದಕ್ಕಿಂತ ಅನುಕೂಲ ಬೇಕಿಲ್ಲ. ಎಣ್ಣೆ ಬಿಸಿ ಮಾಡುವ ಎರಡು ಟ್ಯಾಂಕಿನ ವ್ಯವಸ್ಥೆ ಹಾಕಿಸಿಕೊಂಡರೂ ಡೀಸೆಲ್‌ನಲ್ಲೇ ಸ್ಟಾರ್ಟ್ ಮಾಡಬೇಕು, ನಿಲ್ಲಿಸುವ ಮುಂಚೆ ಮತ್ತೆ ಡೀಸೆಲ್‌ಗೆ ತಿರುಗಿಸಬೇಕು. ಊರೊಳಗಿನ ಓಡಾಟಕ್ಕೆ ಅದು ಆಗದ ಮಾತು.

ಬಯೋಡೀಸೆಲ್ ಬೇರೆ ವಿಷಯ. ಅದು ಎಣ್ಣೆಯನ್ನು ಮೆಥನಾಲ್ ಜೊತೆ ರಾಸಾಯನಿಕವಾಗಿ ಬದಲಿಸಿ, ತೊಳೆದು ತಯಾರಾಗುವುದು. ಅದನ್ನೂ ಮನೆ ಹಿತ್ತಿಲಲ್ಲಿ ಮಾಡಲು ಹೋಗಬೇಡಿ. ಮೆಥನಾಲ್ ವಿಷ, ಹಗಲಲ್ಲಿ ಅದರ ಬೆಂಕಿ ಕಣ್ಣಿಗೆ ಸರಿಯಾಗಿ ಕಾಣುವುದೂ ಇಲ್ಲ. ಹೋಟೆಲಿನವರ ಬಳಿ ಕರಿದ ಎಣ್ಣೆ ಉಳಿದಿದ್ದರೆ, ಆಹಾರ ಸುರಕ್ಷತೆ ನೋಡಿಕೊಳ್ಳುವ ಕೇಂದ್ರದ ಸಂಸ್ಥೆ ಎಫ್‌ಎಸ್‌ಎಸ್‌ಎಐನ 'ರುಕೋ' (ಬಳಸಿದ ಅಡುಗೆ ಎಣ್ಣೆಯನ್ನು ಬಯೋಡೀಸೆಲ್‌ಗೆ ಸಂಗ್ರಹಿಸುವ) ಯೋಜನೆಯಲ್ಲಿ ನೋಂದಾಯಿಸಿಕೊಂಡವರು ಬಂದು ಕೊಂಡುಕೊಳ್ಳುತ್ತಾರೆ. ಚಿಕ್ಕಪ್ಪ ಈಗ ಹಾಗೇ ಕೊಡುತ್ತಿದ್ದಾರೆ.

ಈಗಾಗಲೇ ಎಣ್ಣೆ ಹಾಕಿದ್ದರೆ ಟ್ಯಾಂಕ್ ಖಾಲಿ ಮಾಡಿಸಿ, ಡೀಸೆಲ್ ಫಿಲ್ಟರ್, ಇಂಜಿನ್ ಆಯಿಲ್, ಆಯಿಲ್ ಫಿಲ್ಟರ್ ಮೂರನ್ನೂ ಬದಲಾಯಿಸಿ. ಏನು ಹಾಕಿದ್ದೀರಿ ಅನ್ನುವುದನ್ನು ಮೆಕ್ಯಾನಿಕ್‌ಗೆ ಮುಚ್ಚಿಡಬೇಡಿ. ಆಯಿಲ್ ಆಗಲೇ ಅಂಟಾಗಿದ್ದರೆ ಸ್ಟಾರ್ಟ್ ಮಾಡದೆ, ಗಾಡಿಯನ್ನು ಎಳೆಸಿಕೊಂಡೇ ಗ್ಯಾರೇಜಿಗೆ ಹೋಗಿ.