ಮೆಕ್ಕೆಜೋಳದ ಸುಳಿಗೆ ಬಿಲ್ ಇಲ್ಲದ ‘ಬಯೋ’ ಬಾಟಲಿ ಹೊಡೀಬೇಡಿ

ಸೈನಿಕ ಹುಳು ಬಿದ್ದಿದೆ ಅಂತ ಗೊಬ್ಬರದಂಗಡಿಗೆ ಹೊರಟವರು ಇದನ್ನು ಓದಿಕೊಂಡು ಹೋಗಿ.

ನನ್ನದು ಹದಿನೆಂಟು ದಿನದ ಪೈರು. ಎಲೆ ಕೆರೆದು ಬಿಳಿ ಪೊರೆ ಕಾಣ್ತಿತ್ತು, ಅಂದರೆ ಮರಿಹುಳು ಇನ್ನೂ ಸಣ್ಣದು, ಔಷಧಿ ಹೊಡೆಯೋಕೆ ಅದೇ ಸರಿಯಾದ ಹೊತ್ತು. ಕೇಳಿದ್ದು ಹುಳು ಕೊಲ್ಲುವ ಔಷಧಿ, ಎಮಾಮೆಕ್ಟಿನ್ ಬೆಂಜೋಯೇಟ್ 5 ಎಸ್‌ಜಿ. ಅಂಗಡಿಯವನು ಕೊಟ್ಟಿದ್ದು ಅರ್ಧ ಲೀಟರಿನ ‘ಬಯೋ’ ಬಾಟಲಿ, 1,150 ರೂಪಾಯಿ. "ಅದಕ್ಕಿಂತ ಇದು ಸ್ಟ್ರಾಂಗು ಗೌಡ್ರೆ. ಬಯೋ ಅಲ್ವಾ, ಎಂಟು ದಿನ ಕಾಯ್ಬೇಕು." ಬಿಲ್ ಕೇಳಿದರೆ, "ಬಿಲ್ ಹಾಕಿದ್ರೆ ಜಿಎಸ್‌ಟಿ ಬೀಳುತ್ತೆ, ಸುಮ್ನೆ ಯಾಕೆ?" ಬಿಲ್ ಬಿಟ್ಟು ಬಂದೆ. ಬರೆಯೋಕೂ ನಾಚಿಕೆ.

ಆ ಎಂಟು ದಿನದಲ್ಲೇ ಇರೋದು ಮೋಸ. ಎಮಾಮೆಕ್ಟಿನ್ ತಿಂದ ಹುಳು ಬೇಗ ಮೇವು ಬಿಡುತ್ತೆ, ಎರಡು-ನಾಲ್ಕು ದಿನದಲ್ಲಿ ಸಾಯುತ್ತೆ. ಹುಳುವಿಗೆ ರೋಗ ತರುವ ನಿಜವಾದ ಜೈವಿಕ ಶಿಲೀಂಧ್ರಕ್ಕೆ ದಿನ ಹಿಡಿಯೋದು ಹೌದು, ಆ ನಿಜವನ್ನೇ ಹಿಡಿದು ಟೋಪಿ ಹಾಕಿದ. ಎಂಟು ದಿನಕ್ಕೆ ಹುಳು ಬಲಿತು ಸುಳಿಯೊಳಗಿಳಿದು, ಮೇಲೆ ಮರದಪುಡಿಯಂಥ ಹಿಕ್ಕೆ ತುಂಬಿಕೊಂಡಿತ್ತು. ಇನ್ನು ಯಾವ ಔಷಧಿ ಹೊಡೆದರೂ ಹಿಕ್ಕೆ ದಾಟಿ ಒಳಗಿಳಿಯಲ್ಲ.

ಆಗ ಬಾಟಲಿಯ ಫೋಟೊ ತೆಗೆದು ದೊಡ್ಡದು ಮಾಡಿ ಓದಿದೆ. ಮುಂದೆ ಹುಳುವಿನ ಚಿತ್ರ. ಹಿಂದೆ ಇರುವೆಯಷ್ಟು ಸಣ್ಣ ಅಕ್ಷರ: ‘ಬೆಳವಣಿಗೆ ಪ್ರಚೋದಕ’. ಕೀಟನಾಶಕದ ನೋಂದಣಿ ಸಂಖ್ಯೆ ಇಲ್ಲ, ವಿಷದ ಮಟ್ಟ ತೋರಿಸುವ ಬಣ್ಣದ ಗುರುತಿಲ್ಲ. ಹುಳು ಕೊಲ್ಲುವ ಔಷಧಿಯೇ ಅಲ್ಲ! ಎಂಟು ದಿನ ಟಾನಿಕ್ ಹೊಡೆದು ಕಾದಿದ್ದೆ!

ಅಂಗಡಿಯವನನ್ನು ಕೇಳಿದರೆ, "ನೀವು ಸರಿಯಾಗಿ ಹೊಡೆದಿಲ್ಲ." ಆಮೇಲೆ, "ಮಳೆಗೆ ತೊಳೆದು ಹೋಗಿರ್ಬೇಕು." ಮಳೆ ಬಂದಿರಲಿಲ್ಲ. ಕೊನೆಗೆ, "ನಮ್ಮಂಗಡೀಲೇ ತಗೊಂಡಿದ್ದು ಅನ್ನೋಕೆ ಏನಿದೆ?"

ನೋಂದಣಿ ಸಂಖ್ಯೆ, ಬ್ಯಾಚ್, ಅವಧಿ ಮುಗಿಯುವ ತಾರೀಖು ಅಂಗಡಿಯಲ್ಲೇ ನೋಡಿ. ಎಮಾಮೆಕ್ಟಿನ್ ಲೀಟರ್ ನೀರಿಗೆ 0.4 ಗ್ರಾಂ, 16 ಲೀಟರ್ ಟ್ಯಾಂಕಿಗೆ ಆರೂವರೆ ಗ್ರಾಂ ಸಾಕು. ಸಂಜೆ ಹೊತ್ತು, ನಾಜಲ್ ಸುಳಿಗೇ ಹಿಡಿಯಿರಿ, ಎಲೆ ಮೇಲೆ ಹಾರಿಸಿದರೆ ದಂಡ. ಹುಳು ಬಲಿತಿದ್ದರೆ ವಿಷದ ಮೇವೇ ಗತಿ: 10 ಕಿಲೋ ಅಕ್ಕಿ ತೌಡು, 2 ಕಿಲೋ ಬೆಲ್ಲ, ಎರಡು-ಮೂರು ಲೀಟರ್ ನೀರಲ್ಲಿ ಕಲೆಸಿ 24 ಗಂಟೆ ಮುಚ್ಚಿಡಿ. ಹಾಕೋಕೆ ಅರ್ಧ ಗಂಟೆ ಮುಂಚೆ 100 ಗ್ರಾಂ ಥಯೋಡಿಕಾರ್ಬ್ ಕೀಟನಾಶಕ ಬೆರೆಸಿ, ಕೈಗವಸು ಹಾಕ್ಕೊಂಡೇ ಸುಳಿಗೆ ಉದುರಿಸಿ. ದನ, ಕೋಳಿ ಹತ್ತಿರ ಬರಬಾರದು.

ದೂರು ಕೊಡೋಕೆ ಬಾಟಲಿ ಹಿಡಿದು ರೈತ ಸಂಪರ್ಕ ಕೇಂದ್ರಕ್ಕೆ ಹೋದೆ. ಮೊದಲು ಕೇಳಿದ್ದೇ, "ಬಿಲ್ ಎಲ್ಲಿದೆ?"